ಅರಮನೆಯ ಕೂಸಿಗಾಗಿ ಅತ್ತವರು

ಟಿವಿಯೊಳಗಿನ ರಾಣಿಗಾಗಿ ಅಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಧಾರಾವಾಹಿಯ ಮೇಲೆ ಸಿಟ್ಟಿಲ್ಲ, ಅದು ತನ್ನ ಪಾಡಿಗೆ ಬರುತ್ತದೆ, ಮುಗಿಯುತ್ತದೆ. ಸಿಟ್ಟು ಅಳುವವರ ಮೇಲೆ. ಅದರಲ್ಲೂ ಚೆನ್ನಾಗಿ ಅತ್ತು, ಸೆರಗಿನಿಂದ ಮೂಗು ಒರೆಸಿಕೊಂಡು, ಮರುದಿನ ಎದ್ದು ಆ ರಾಣಿಯನ್ನು ಅಳಿಸಿದ ಕೆಲಸವನ್ನೇ ತಮ್ಮ ಮನೆಯಲ್ಲಿ ಮಾಡುವವರ ಮೇಲೆ. ಅಂಥವರ ಜೊತೆ ನಾನು ಒಂದೇ ಸೂರಿನ ಕೆಳಗೆ ಇದ್ದೇನೆ. ಹಬ್ಬ ಬಂದರೆ ಅವರ ಕಾಲಿಗೂ ಬೀಳುತ್ತೇನೆ.

ನಮ್ಮದು ಬೈಲಹೊಂಗಲದ ಪೇಟೆಯೊಳಗಿನ ಮನೆ. ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ ಇದೆ. ರೈತರು ತಂದ ಕಡಲೆ, ಜೋಳ, ಹತ್ತಿಯನ್ನು ಮಾರಿಸಿಕೊಡುವ ವ್ಯವಹಾರ. ಅಂಗಡಿಯೊಳಗೆ ಬಿಳಿ ಹೊದಿಕೆಯ ಒಂದು ಗಾದಿ. ಮಾವ ತೀರಿಕೊಂಡ ಮೇಲೆ ಅದರ ಮೇಲೆ ಕೂರುವವರು ಭಾವ, ಅಂದರೆ ನನ್ನ ಗಂಡನ ಅಣ್ಣ. ನನ್ನ ಗಂಡ ಪಕ್ಕದ ಕಬ್ಬಿಣದ ಕುರ್ಚಿಯ ಮೇಲೆ. ಭಾವ ಊರಲ್ಲಿ ಇಲ್ಲದ ದಿನವೂ ನನ್ನ ಗಂಡ ಗಾದಿಯ ತುದಿಗೆ ಕೂಡ ಕೂತಿದ್ದನ್ನು ಯಾರೂ ನೋಡಿಲ್ಲ.

ಅಂಗಡಿಯಲ್ಲಿ ಭಾವ ಇದ್ದ ಹಾಗೆ ಮನೆಯಲ್ಲಿ ಅತ್ತೆ. ಅವರ ಕೆಳಗೆ ಹಿರೇಸೊಸೆ, ಅವರ ಕೆಳಗೆ ನಾನು. ಹಿರೇಸೊಸೆಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ತವರು ರಾಮದುರ್ಗದ ಕಡೆಯ ಸಾಲಹಳ್ಳಿ, ನನ್ನದು ಮುರಗೋಡ. ನನಗೆ ಮೊದಲು ಹೆಣ್ಣು, ಆಮೇಲೆ ಗಂಡು. ಅಕ್ಕನಿಗೆ ಮಕ್ಕಳಾಗಲಿಲ್ಲ. ಬೆಳಗಾವಿಯ ದವಾಖಾನೆ, ಹುಬ್ಬಳ್ಳಿಯ ದವಾಖಾನೆ ಎಂದು ತಿರುಗಿದವರು ಅವರೊಬ್ಬರೇ. ಚುಚ್ಚಿಸಿಕೊಂಡವರು, ಉಪವಾಸ ಮಾಡಿದವರು, ಹರಕೆ ಹೊತ್ತವರು ಎಲ್ಲ ಅವರೇ. ಭಾವ ಒಂದು ದಿನ ಕೂಡ ತಪಾಸಣೆಗೆ ಹೋಗಲಿಲ್ಲ. ಹೋಗು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೀಗಾಗಿ ಬಂಜೆ ಎಂಬ ಹೆಸರು ಭಾವನ ತಪಾಸಣೆಯೇ ಇಲ್ಲದೆ ಅಕ್ಕನ ಪಾಲಿಗೆ ಬಂತು.

ಮನೆಗೆ ದೊಡ್ಡ ಟಿವಿ ಬಂದ ಮೇಲೆ ನೆಟ್ಟಿನಲ್ಲಿ ಸಿಗುವ ಅರಮನೆ ಧಾರಾವಾಹಿಗಳ ಹುಚ್ಚು ಹತ್ತಿತು. ಚೀನಾದ್ದೋ ಕೊರಿಯಾದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕನ್ನಡದ ಧ್ವನಿ ಕೂಡಿಸಿದ್ದರು. ಚಕ್ರವರ್ತಿ, ಅವನ ತಾಯಿ, ಪಟ್ಟದ ರಾಣಿ, ಅವಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಉಳಿದ ರಾಣಿಯರು. ಅವರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಆದ್ದರಿಂದ ಅತ್ತೆಯೇ ಹೊಸ ಹೆಸರು ಇಟ್ಟರು. ಚಕ್ರವರ್ತಿಯ ತಾಯಿ ಮುದುಕಿ. ಪಟ್ಟದ ರಾಣಿ ಹಿರೇಸೊಸಿ. ಎಲ್ಲರಿಗಿಂತ ಕೆಳಗೆ ಇದ್ದ, ಕಣ್ಣು ಸದಾ ಒದ್ದೆಯಾಗಿರುತ್ತಿದ್ದ ಹುಡುಗಿ ಸಣ್ಣಾಕಿ.

ಆ ರಾಣಿಯರು ಒಬ್ಬರನ್ನೊಬ್ಬರು ಅಕ್ಕಾ, ತಂಗೀ ಎಂದು ಕರೆಯುತ್ತಿದ್ದರು. ನಮ್ಮ ಮನೆಯವರು ಅವರನ್ನು ನೆಗೆಣ್ಣಿಯರೆಂದೇ ತಿಳಿದರು, ಅಣ್ಣತಮ್ಮಂದಿರ ಹೆಂಡಂದಿರು ಎಂದು. ಹಾಗಾದರೆ ಉಳಿದವರ ಗಂಡಂದಿರು ಎಲ್ಲಿ ಎಂದು ನಾನು ಕೇಳಿದಾಗ, ಅತ್ತೆ ಅವರೆಲ್ಲ ದಂಡಿನ ಮೇಲೆ ಹೋಗಿರಬೇಕು ಎಂದರು. ಸುಮಾರು ದಿನ ನಾವು ಆ ಗಂಡಂದಿರು ಯುದ್ಧ ಮುಗಿಸಿ ಬರುವುದನ್ನು ಕಾದೆವು. ಎಲ್ಲರೂ ಒಬ್ಬನ ಹೆಂಡಂದಿರೇ ಎಂದು ತಿಳಿದ ದಿನ ಅತ್ತೆ ಗಲ್ಲ ಬಡಿದುಕೊಂಡು ಶಿವಶಿವಾ ಎಂದರು. ಆದರೆ ಆಮೇಲೂ ಯಾರೂ ಹೆಸರು ಬದಲಿಸಲಿಲ್ಲ. ಯಾರು ಮೊದಲು ಉಣ್ಣಬೇಕು, ಯಾರು ಯಾರ ಮುಂದೆ ನಿಂತಿರಬೇಕು, ಯಾರ ಮಾತಿಗೆ ಯಾರು ತಲೆ ಎತ್ತಬಾರದು, ಎಲ್ಲ ನಮ್ಮಲ್ಲಿಯ ಹಾಗೆಯೇ ಇತ್ತು. ಬಟ್ಟೆ ಮಾತ್ರ ಬೇರೆ.

ನಾವು ನೋಡುವ ರೀತಿಗೂ ಒಂದು ದರ್ಬಾರಿನ ಕಟ್ಟಳೆ ಇತ್ತು. ಅತ್ತೆ ಮಂಚದ ಮೇಲೆ, ರಿಮೋಟು ಅವರ ದಿಂಬಿನ ಕೆಳಗೆ. ಮಂಚದ ಕಾಲಿಗೆ ಆತುಕೊಂಡು, ಅವರ ಮೊಣಕಾಲು ತಿಕ್ಕುವುದಕ್ಕೆ ಅನುಕೂಲವಾಗುವ ಜಾಗದಲ್ಲಿ ಅಕ್ಕ. ನಾನು ಅಡುಗೆಮನೆಯ ಹೊಸ್ತಿಲ ಬಳಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು. ಒಲೆಯ ಮೇಲೆ ಏನಾದರೂ ಉಕ್ಕಿದರೆ ಏಳಬೇಕಾದವಳು ನಾನಲ್ಲವೇ? ಭಾವ ಅಂಗಡಿ ಮುಚ್ಚಿ ಬಂದರೆ ನಾವಿಬ್ಬರೂ ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲುತ್ತಿದ್ದೆವು. ಪರದೆಯ ಮೇಲೂ ಅದೇ ಹೊತ್ತಿಗೆ ರಾಣಿಯರು ಎದ್ದು ನಿಂತಿದ್ದರೆ ನನಗೆ ಒಳಗೊಳಗೆ ನಗು ಬರುತ್ತಿತ್ತು. ಅಕ್ಕನ ಕಡೆ ನೋಡುತ್ತಿದ್ದೆ. ಅವರಿಗೂ ಬರುತ್ತಿತ್ತು. ಇಬ್ಬರೂ ತುಟಿ ಕಚ್ಚಿಕೊಂಡು ಒಳಗೆ ಹೋಗುತ್ತಿದ್ದೆವು.

ಒಂದು ಸಂಜೆ ಆ ಕಂತು ಬಂತು. ಸಣ್ಣಾಕಿ ಗಂಡು ಹೆತ್ತಿದ್ದಳು. ಹಿರೇಸೊಸಿಗೆ ಮಕ್ಕಳಿಲ್ಲ. ಮುದುಕಿ ಆಳುಗಳನ್ನು ಕಳಿಸಿ ಬಾಣಂತಿಯ ಮಗ್ಗುಲಿನಿಂದ ಕೂಸನ್ನು ತರಿಸಿಕೊಂಡು ಹಿರೇಸೊಸಿಯ ಕೈಗೆ ಕೊಟ್ಟಳು. ಇನ್ನು ಮೇಲೆ ಇವಳೇ ಇದರ ತಾಯಿ, ಹೆತ್ತವಳು ದೂರದಿಂದ ನಮಸ್ಕಾರ ಮಾಡಿ ಹೋಗಬಹುದು ಎಂದಳು. ಸಣ್ಣಾಕಿ ಬಾಗಿಲ ಹೊರಗೆ ಕಲ್ಲಿನ ಮೇಲೆ ಹಣೆ ಜಜ್ಜಿಕೊಂಡಳು. ಅತ್ತೆಯ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು.

“ಪಾಪ, ಹಡದ ಹೊಟ್ಟಿ ಅದು. ಆ ಮುದುಕಿ ಕೈ ಸೇದಿ ಹೋಗಲಿ,” ಎಂದು ಶಾಪ ಹಾಕಿದರು.

ನಾನು ನನ್ನ ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡೆ. ಅತ್ತೆಯ ಮೇಲೆ ಆ ಹೊತ್ತು ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹೋಗಿ ಅವರ ಇನ್ನೊಂದು ಕಾಲನ್ನು ನಾನೇ ತಿಕ್ಕಬೇಕು ಅನಿಸಿತ್ತು. ಅದನ್ನು ನೆನೆದರೆ ಈಗ ಮೈ ಪರಚಿಕೊಳ್ಳುವ ಹಾಗೆ ಆಗುತ್ತದೆ.

ಮರುದಿನ ಬೆಳಿಗ್ಗೆ ಅವರು ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದರು. ನಾನು ತಂಬಿಗೆಯಿಂದ ನೀರು ಹಾಕುತ್ತಿದ್ದೆ. ಎಣ್ಣೆ ಹಚ್ಚಿದ ಬೆನ್ನನ್ನು ನೀವುತ್ತ, ಉಪ್ಪು ಮುಗಿದಿದೆ ತರಿಸಬೇಕು ಎನ್ನುವ ದನಿಯಲ್ಲಿ ಅವರು ಹೇಳಿದರು, ಇವನನ್ನು ನಿಮ್ಮ ಅಕ್ಕನ ಉಡಿಯಲ್ಲಿ ಹಾಕೋಣ ಎಂದು. ನಮ್ಮ ಕಡೆ ಉಡಿಯಲ್ಲಿ ಹಾಕುವುದು ಎಂದರೆ ಕೊಟ್ಟುಬಿಡುವುದು. ಕೊಟ್ಟ ಮೇಲೆ ತಿರುಗಿ ಕೇಳುವ ಹಾಗಿಲ್ಲ. ಗಾದಿ ಹಿರಿಯನ ವಂಶದಲ್ಲಿಯೇ ಇರಬೇಕು, ಇಲ್ಲದಿದ್ದರೆ ನಾಳೆ ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬರುತ್ತದೆ, ಮನೆ ಒಡೆಯುತ್ತದೆ, ನಿನಗೇನು ಇನ್ನೊಂದು ಆಗುತ್ತದೆ ಎಂದು ಅವರು ಬಹಳ ಸಮಾಧಾನದಿಂದ ವಿವರಿಸಿದರು. ನನ್ನ ಕೈಯಲ್ಲಿದ್ದ ತಂಬಿಗೆ ಬಿಸಿನೀರಿನದು. ಕೂಸು ಅವರ ಕಾಲ ಮೇಲಿದ್ದದ್ದಕ್ಕೆ ನಾನು ಅದನ್ನು ಅವರ ಮೇಲೆ ಸುರಿಯದೆ ಗಟ್ಟಿಯಾಗಿ ಹಿಡಿದುಕೊಂಡೆ.

“ಎಲ್ಲಿ ಹೊಕ್ಕಾನ? ಇದ ಮನ್ಯಾಗ ಇರತಾನ,” ಎಂದರು. “ಆಕಿಗೆ ಅವ್ವ ಅಂತಾನ, ನಿನಗ ಕಾಕು ಅಂತಾನ. ಅಷ್ಟ ಫರಕ.”

ಅಷ್ಟೇ ಫರಕು! ಒಂಬತ್ತು ತಿಂಗಳು ಹೊತ್ತು, ಬೈಲಹೊಂಗಲದ ದವಾಖಾನೆಯಲ್ಲಿ ಹಲ್ಲು ಕಚ್ಚಿ ಹೆತ್ತು, ಮೊಲೆ ಬಿರಿದು ರಕ್ತ ಬಂದರೂ ಬಾಯಿಗೆ ಕೊಟ್ಟವಳು ನಾನು. ಅವನು ನನ್ನನ್ನು ಚಿಕ್ಕಪ್ಪನ ಹೆಂಡತಿಯನ್ನು ಕರೆಯುವ ಹಾಗೆ ಕಾಕು ಎಂದು ಕರೆಯಬೇಕಂತೆ. ನಿನ್ನೆ ರಾತ್ರಿ ಆ ರಾಣಿಗಾಗಿ ಅತ್ತಿರಲ್ಲ ಎಂದು ನಾನು ಕೇಳಿದೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟು ನನ್ನ ಮುಖ ನೋಡಿದರು.

“ಅದ ಬ್ಯಾರೆ,” ಎಂದರು. “ಆ ಮುದುಕಿ ಕಸಗೊಂಡ್ಲು. ನಾವು ಕೇಳಾಕ ಹತ್ತೇವಿ.”

ಆದರೆ ಅವರು ಕೇಳಿರಲಿಲ್ಲ. ಕೇಳುವುದು ಎಂದರೆ ಉತ್ತರಕ್ಕಾಗಿ ಕಾಯಬೇಕು. ಅವರು ಕೂಸನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಧೂಪ ಹಾಕಲು ಕೆಂಡ ತರಿಸಿದರು. ಮುಂದೆ ಕೆಲವು ಕಂತುಗಳಾದ ಮೇಲೆ ಧಾರಾವಾಹಿಯ ಆ ಕೂಸು ಬೆಳೆದು ಯುವರಾಜನಾಯಿತು. ಅತ್ತೆ ಮಂಚದ ಮೇಲಿಂದ ನನ್ನ ಕಡೆ ತಿರುಗಿ, ಹಿರೇಸೊಸಿಯ ಉಡಿಯಲ್ಲಿ ಬೆಳೆದದ್ದಕ್ಕೇ ಅವನಿಗೆ ಪಟ್ಟ ಬಂತು, ನೋಡಿದೆಯಾ ಎಂದರು. ಹಣೆ ಜಜ್ಜಿಕೊಂಡ ಸಣ್ಣಾಕಿ ಏನಾದಳು ಎಂದು ಯಾರಿಗೂ ನೆನಪಿರಲಿಲ್ಲ. ಕಥೆ ಬರೆದವರಿಗೂ ಇರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಅಂಗಿಯ ಗುಂಡಿ ಬಿಚ್ಚುತ್ತ, ಅವ್ವ ಹೇಳಿದ ಮೇಲೆ ಮುಗಿಯಿತಲ್ಲ ಎಂದರು. ನಿಮ್ಮ ಮಗ ಅಲ್ಲವೇ ಎಂದೆ. ಅದಕ್ಕೇ, ಎಂದರು. ಆ ಒಂದು ಮಾತಿನಲ್ಲಿ ನನಗೆ ಎಲ್ಲ ಹೊಳೆಯಿತು. ತಾವು ಜನ್ಮದಲ್ಲಿ ಕೂರಲಾಗದ ಗಾದಿಯ ಮೇಲೆ ತಮ್ಮ ರಕ್ತ ಕೂರುತ್ತದೆ ಎಂಬ ಆಸೆ ಅವರಿಗೆ. ಕಬ್ಬಿಣದ ಕುರ್ಚಿಯ ಮೇಲೆ ಕೂತು ಕೂತು ಸವೆದ ಮನುಷ್ಯ, ಅದರ ಬೆಲೆಯನ್ನು ನನ್ನ ಮಡಿಲಿನಿಂದ ತೀರಿಸಲು ಹೊರಟಿದ್ದರು. ಅವತ್ತಿನಿಂದ ನಾನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ.

ಅಕ್ಕನ ಮೇಲೆ ಬಂದ ಸಿಟ್ಟು ಮಾತ್ರ ಇದೆಲ್ಲದಕ್ಕಿಂತ ದೊಡ್ಡದು. ಇವರೇ ಅತ್ತೆಯ ಮೊಣಕಾಲು ತಿಕ್ಕುತ್ತ ತಿಕ್ಕುತ್ತ ಈ ಮಾತನ್ನು ಅವರ ಕಿವಿಗೆ ಹಾಕಿದ್ದಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಅಷ್ಟು ತಿಂಗಳು ಅರಮನೆ ನೋಡಿದ್ದು ಸುಮ್ಮನೆ ಹೋಗುತ್ತದೆಯೇ? ಅಲ್ಲಿ ಒಬ್ಬ ರಾಣಿ ಇನ್ನೊಬ್ಬಳಿಗೆ ಚಹಾ ಕೊಟ್ಟರೆ ಅದರಲ್ಲಿ ವಿಷ ಇರುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿದುಕೊಟ್ಟರೆ ನಾನು ಬೇಯಿಸುತ್ತಿದ್ದೆ. ಆ ದಿನಗಳಲ್ಲಿ ಇಬ್ಬರೂ ಮಾತಿಲ್ಲದೆ ಅದನ್ನೇ ಮಾಡಿದೆವು. ಕೂಸನ್ನು ಅವರ ಕೈಗೆ ಕೊಡುವುದನ್ನು ನಿಲ್ಲಿಸಿದೆ. ಹಿತ್ತಿಲಿಗೆ ಹೋದರೂ ಸೊಂಟದ ಮೇಲೆ ಇಟ್ಟುಕೊಂಡೇ ಹೋಗುತ್ತಿದ್ದೆ. ಅವರು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನಾನು ಎದ್ದು ಹೋದೆ.

ಮುರಗೋಡಕ್ಕೂ ಹೋದೆ. ನನ್ನ ಅಪ್ಪ ಒಪ್ಪುವುದಿಲ್ಲ, ಬಂದು ಜಗಳ ತೆಗೆಯುತ್ತಾರೆ ಎಂದು ನಂಬಿ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ಮನೆತನದ ವಿಷಯದಲ್ಲಿ ಬೀಗರು ನಡುವೆ ಬಾಯಿ ಹಾಕಬಾರದು ಎಂದರು. ಅವ್ವ ಒಳಗೆ ಕರೆದುಕೊಂಡು ಹೋಗಿ ತಲೆಗೆ ಎಣ್ಣೆ ಹಚ್ಚುತ್ತ, ಕಣ್ಣ ಮುಂದೆಯೇ ಇರುತ್ತಾನಲ್ಲ ಎಂದಳು. ಕಣ್ಣ ಮುಂದೆ ಇರುವುದೇ ಕಷ್ಟ ಎಂದು ಹೆತ್ತವಳಿಗೆ ನಾನು ಬಿಡಿಸಿ ಹೇಳಬೇಕಾಯಿತು. ಹೇಳಿದರೂ ಅವಳು ಹಣಿಗೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಅರ್ಧ ಹೆಣೆದ ಜಡೆಯಲ್ಲೇ ಎದ್ದು, ಅವತ್ತೇ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದೆ.

ಕೂಸನ್ನು ಉಡಿಯಲ್ಲಿ ಹಾಕುವುದಕ್ಕೆ ಸೋಮವಾರ ನೋಡಿ ದಿನ ಇಟ್ಟರು. ಮಠದ ಅಯ್ಯನವರು ಬಂದರು. ಕಿತ್ತೂರಿನಿಂದ ಅತ್ತೆಯ ಅಣ್ಣ ಬಂದರು. ಅವರಿಗೆ ನಾಲ್ಕು ಜನ ಸೇರಿದ ಕಡೆ ಭಾಷಣ ಮಾಡದಿದ್ದರೆ ಊಟ ಇಳಿಯುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ಏನೋ ವಾಸನೆ ಬಡಿದಿರಬೇಕು. ದತ್ತಕ ಎಂದರೆ ಸಣ್ಣ ಮಾತಲ್ಲ, ನಮ್ಮ ಕಿತ್ತೂರಿನಲ್ಲಿ ದತ್ತಕದ ಸಲುವಾಗಿ ಇಂಗ್ಲಿಷರ ಸಂಗಡ ಲಡಾಯಿಯೇ ಆಗಿದೆ, ಕೋಟೆ ಬಿದ್ದಿದೆ, ರಕ್ತ ಹರಿದಿದೆ, ಅಂಥ ಮರ್ಯಾದೆಯ ಕೆಲಸ ಇದು ಎಂದು ಮೀಸೆ ನೀವಿಕೊಂಡರು. ಸಾಲಿಯಲ್ಲಿ ಓದುವಾಗ ಆ ಕೋಟೆಗೆ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಬಿದ್ದ ಗೋಡೆ, ನೀರಿನ ತೊಟ್ಟಿ ಎಲ್ಲ ತೋರಿಸಿದ್ದರು. ಕೂಸನ್ನು ಕೊಟ್ಟ ತಾಯಿ ಯಾವ ಊರಿನವಳು, ಕೊಟ್ಟು ಮನೆಗೆ ಹೋದ ಮೇಲೆ ಏನು ಮಾಡಿದಳು ಎಂದು ಯಾವ ಮಾಸ್ತರರೂ ಹೇಳಲಿಲ್ಲ. ಆ ಮಾವನಿಗೆ ಅದನ್ನೇ ಕೇಳಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನನ್ನನ್ನು ಒಳಗೆ ಕರೆದರು.

ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಅದರ ಮೇಲೆ ಅಕ್ಕ ಮತ್ತು ಭಾವ. ಅಕ್ಕನಿಗೆ ಹೊಸ ಇಳಕಲ್ ಸೀರೆ ಉಡಿಸಿದ್ದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಎಲೆ ಅಡಿಕೆ, ಕುಪ್ಪಸದ ಖಣ. ನಾನು ಮಗನನ್ನು ಎತ್ತಿಕೊಂಡು ಎದುರಿಗೆ ನಿಂತೆ. ನನ್ನ ಗಂಡ ಬಾಗಿಲಿಗೆ ಒರಗಿ ಮೊಬೈಲು ನೋಡುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಏನಾದರೂ ಒಂದು ಆಗುತ್ತದೆ ಎಂದು ನಾನು ಕಾಯುತ್ತಿದ್ದೆ. ಏನೂ ಆಗಲಿಲ್ಲ. ಅಯ್ಯನವರು ಮಂತ್ರ ಮುಗಿಸಿ, ಉಡಿ ಒಡ್ಡು ತಾಯಿ ಎಂದು ಅಕ್ಕನಿಗೆ ಹೇಳಿದರು.

ಉಡಿ ತುಂಬುವುದನ್ನು ನೋಡಿದವರಿಗೆ ಗೊತ್ತು. ತೆಗೆದುಕೊಳ್ಳುವವಳು ಸೆರಗಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ಮುಂದೆ ಚಾಚಬೇಕು. ಅವಳು ಚಾಚದಿದ್ದರೆ ಯಾವ ದೊಡ್ಡವರೂ ಅದರಲ್ಲಿ ಒಂದು ಅಕ್ಕಿಕಾಳನ್ನೂ ಹಾಕಲು ಬರುವುದಿಲ್ಲ. ಅಕ್ಕ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು. ಎರಡೂ ಕೈ ಮೊಣಕಾಲ ಮೇಲೆ ಇದ್ದವು. ಅಯ್ಯನವರು ಇನ್ನೊಮ್ಮೆ ಹೇಳಿದರು. ನಾಚಿಕೆ ಇರಬೇಕು ಎಂದುಕೊಂಡು ಅತ್ತೆಯೇ ಬಗ್ಗಿ ಸೆರಗನ್ನು ಬಿಡಿಸಲು ಹೋದರು. ಅಕ್ಕ ಅವರ ಕೈಯನ್ನು ಹಿಡಿದು, ಮೆಲ್ಲಗೆ ಪಕ್ಕಕ್ಕೆ ಇಟ್ಟರು.

“ನನಗ ಬ್ಯಾಡ್ರಿ,” ಎಂದರು. “ಇಷ್ಟ ವರ್ಷ ನನಗ ಬಂಜಿ ಅಂದ್ರಿ, ಸುಮ್ಮನ ಅನಿಸಿಕೊಂಡೇನಿ. ಇವತ್ತ ನನ್ನ ಕಳ್ಳಿ ಮಾಡಬ್ಯಾಡ್ರಿ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮಗ ಕೈಯಲ್ಲಿ ಒದ್ದಾಡುತ್ತಿದ್ದ. ಕಿತ್ತೂರಿನ ಮಾವ ಗಂಟಲು ಸರಿಮಾಡಿಕೊಂಡರು, ಆದರೆ ಭಾಷಣ ಬರಲಿಲ್ಲ. ಅತ್ತೆ, ನಿನ್ನ ಹಿತಕ್ಕೇ ಮಾಡಿದ್ದು, ಹುಚ್ಚಿ ಎಂದರು. ಅಕ್ಕ, ಹಿತ ಬೇಕೋ ಬೇಡವೋ ಎಂದು ನನ್ನನ್ನು ಯಾರು ಕೇಳಿದ್ದಾರೆ ಎಂದರು. ಆಮೇಲೆ ಕಂಬಳಿಯಿಂದ ಎದ್ದು, ನನ್ನ ಪಕ್ಕದಿಂದಲೇ ಹಾದು ಅಡುಗೆಮನೆಗೆ ಹೋಗಿ, ಬಂದವರಿಗೆ ಊಟಕ್ಕೆ ಎಲೆ ಹಾಕತೊಡಗಿದರು. ಇಷ್ಟು ಹೊತ್ತೂ ಭಾವ ಕಂಬಳಿಯ ಅಂಚನ್ನು ನೋಡುತ್ತ ಕೂತಿದ್ದರು. ಹೆಂಡತಿ ಎದ್ದು ಹೋದದ್ದೂ ತಮಗೆ ಸಂಬಂಧವಿಲ್ಲ ಎಂಬಂತೆ ಕೂತೇ ಇದ್ದರು. ಊಟಕ್ಕೆ ಕರೆದಾಗ ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು.

ಅವತ್ತು ಸಂಜೆ ಪಾತ್ರೆ ತೊಳೆಯುವಾಗ, ಮೊದಲೇ ನನಗೆ ಯಾಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ. ಹೇಳಿದ್ದರೆ ನೀನು ನಂಬುತ್ತಿದ್ದೆಯೇನು ಎಂದರು. ನಂಬುತ್ತಿರಲಿಲ್ಲ. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂತವರನ್ನು ಒಬ್ಬರನ್ನೊಬ್ಬರು ನಂಬದ ಹಾಗೆ ಮಾಡಿ ಇಟ್ಟಿದ್ದಾರಲ್ಲ, ಆ ಮನೆಗೆ ಬೆಂಕಿ ಬೀಳಲಿ ಅನಿಸಿತು.

ಧಾರಾವಾಹಿಯಲ್ಲಿ ಮಾತು ಮೀರಿದ ರಾಣಿಯನ್ನು ಊರಾಚೆಯ ಹಾಳು ಅರಮನೆಗೆ ಕಳಿಸುತ್ತಿದ್ದರು. ನಮ್ಮಲ್ಲಿ ಅದಕ್ಕೆ ತವರುಮನೆ ಇದೆ. ತಲೆ ತಣ್ಣಗಾಗಲಿ, ನಾಲ್ಕು ದಿನ ಇದ್ದು ಬಾ ಎಂದು ಅತ್ತೆ ಹೇಳಿದರು. ಜಗಳವಿಲ್ಲ, ಬೈಗುಳವಿಲ್ಲ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿ, ಬಸ್ ಸ್ಟ್ಯಾಂಡಿನ ತನಕ ಆಳನ್ನೂ ಕಳಿಸಿದರು. ನಾಲ್ಕು ದಿನ ಕಳೆದವು, ಪಂಚಮಿ ಬಂತು, ದೀಪಾವಳಿ ಬಂತು. ಅಕ್ಕನ ಹೆಸರು ಮನೆಯಲ್ಲಿ ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ಕೇಳಿದವರಿಗೆ ಅತ್ತೆ, ಸೊಕ್ಕಿನವಳು, ತಾನೇ ಎದ್ದು ಹೋದಳು ಎಂದರು.

ಹೊಸ ಅರಮನೆ, ಹೊಸ ಧಾರಾವಾಹಿ ಶುರುವಾಯಿತು. ಮೊದಲ ದಿನ ಅತ್ತೆ ಮಂಚದ ಕಾಲಿನ ಬಳಿ ಕೈ ತೋರಿಸಿ, ಬಾ ಇಲ್ಲಿ ಕೂರು ಎಂದು ನನ್ನನ್ನು ಕರೆದರು. ಅಕ್ಕನ ಜಾಗ ಅದು. ದನಿಯಲ್ಲಿ ಬೆಣ್ಣೆ. ಒಬ್ಬಳನ್ನು ಇಳಿಸಿದ ಮೇಲೆ ಕೆಳಗಿದ್ದವಳನ್ನು ಒಂದು ಮೆಟ್ಟಿಲು ಏರಿಸಬೇಕಲ್ಲ! ಭಾವ, ನನ್ನ ಗಂಡ ಇಬ್ಬರೂ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ನನಗೆ ರಕ್ತ ನೆತ್ತಿಗೇರಿತು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಾನು ದನಿ ಎತ್ತಿದವಳಲ್ಲ, ನೇರ ಮಾತಾಡಿದವಳೂ ಅಲ್ಲ. ಅವತ್ತು ತಲೆ ಮೇಲಿನ ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ. ನಡುಮನೆಯಲ್ಲಿ ನಿಂತು ಕೇಳಿದೆ.

“ಭಾವಾರ, ಅಕ್ಕನ್ನ ಯಾವಾಗ ಕರಕೊಂಡು ಬರ್ತೀರಿ?”

ಅತ್ತೆ ಟಿವಿಯ ಸದ್ದು ಹೆಚ್ಚು ಮಾಡಿದರು. ಭಾವ ತಾಯಿಯ ಮುಖ ನೋಡಿದರು, ಆಮೇಲೆ ತಮ್ಮನ ಮುಖ ನೋಡಿದರು. ಗಾದಿಯ ಮೇಲೆ ಕೂತು ಒಂದೇ ಮಾತಿನಲ್ಲಿ ಮಾಲಿನ ದರ ತೀರ್ಮಾನಿಸುವ ಮನುಷ್ಯ, ಶಿಕ್ಷೆಗೆ ಹೆದರಿದ ಸಾಲಿಹುಡುಗನ ಹಾಗೆ ಕೈ ಹಿಸುಕಿಕೊಂಡು, ಇದರಲ್ಲಿ ನನ್ನದೇನಿದೆ, ಮಗು ಬೇಕೇನು ಬೇಡವೇನು, ಅವಳು ಹೋಗಲೇನು ಬರಲೇನು, ನನ್ನನ್ನು ಯಾರು ಕೇಳಿದ್ದಾರೆ ಎಂದರು. ಅಕ್ಕ ಕಂಬಳಿಯ ಮೇಲೆ ಕೂತು ಆಡಿದ ಮಾತು ಅದೇ. ಅವರು ಅದನ್ನು ಹೇಳಿ ಎದ್ದು ಹೋಗಿದ್ದರು. ಇವರು ಅದನ್ನೇ ಹೇಳಿ ಕುರ್ಚಿಗೆ ಒರಗಿ ಕೂತರು.

“ನಿಮ್ಮನ್ನ ಕೇಳವ್ರು ಇನ್ನ ಯಾರ ಅದಾರ್ರಿ, ನಿಮಗಿಂತ ಮ್ಯಾಲ?” ಎಂದೆ.

ನನ್ನ ಗಂಡ ರಟ್ಟೆ ಹಿಡಿದು ನನ್ನನ್ನು ಕೋಣೆಗೆ ಎಳೆದುಕೊಂಡು ಹೋದರು. ನಿನ್ನ ಮಗ ನಿನಗೆ ಉಳಿದನಲ್ಲ, ಇನ್ನೇನು ಬೇಕು ನಿನಗೆ ಎಂದು ಹಲ್ಲು ಕಡಿದರು. ಮಗ ಉಳಿದದ್ದು ಯಾರಿಂದ ಎಂದು ಕೇಳಿದೆ. ನಿಮ್ಮಿಂದಲೇನು, ನಿಮ್ಮ ಅಣ್ಣನಿಂದಲೇನು, ನನ್ನ ಅಪ್ಪನಿಂದಲೇನು ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದೆ. ಹೊರಗೆ ಯಾವುದೋ ರಾಜಮಾತೆ ಯಾರನ್ನೋ ಕ್ಷಮಿಸುತ್ತಿದ್ದಳು, ಸದ್ದು ಕೋಣೆಯ ತನಕ ಬರುತ್ತಿತ್ತು.

ಮರುವಾರ ಎರಡೂ ಮಕ್ಕಳನ್ನು ಕಟ್ಟಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಸಾಲಹಳ್ಳಿಗೆ ಹೋದೆ. ನಡುವೆ ಒಮ್ಮೆ ಬಸ್ಸು ಬದಲಿಸಬೇಕು. ಅಕ್ಕ ತವರಿನಲ್ಲಿ, ತಮ್ಮನ ಮನೆಯ ಹಿಂದಿನ ಅಟ್ಟದ ಕೋಣೆಯಲ್ಲಿ, ಮೂಟೆಗಳ ನಡುವೆ ಇದ್ದರು. ಪೇಟೆಯ ಮನೆಯಲ್ಲಿ ಮೆತ್ತಗಾಗಿದ್ದ ಕೈ ಹೊಲದ ಕೆಲಸಕ್ಕೆ ಒಡೆದು ಕರ್ರಗಾಗಿತ್ತು. ತಮ್ಮನ ಹೆಂಡತಿ ಚಹಾ ತಂದಾಗ ಕಪ್ಪು ನನ್ನ ಮುಂದೆ ಇಟ್ಟಳು. ಅಕ್ಕ ತಮ್ಮ ಕಪ್ಪನ್ನು ತಾವೇ ಎದ್ದು ಹೋಗಿ ತಂದುಕೊಂಡರು. ಆ ಮನೆಯಲ್ಲೂ ಮೆಟ್ಟಿಲು ಇದ್ದವು, ಅಕ್ಕ ಈಗ ಎಲ್ಲಕ್ಕಿಂತ ಕೆಳಗಿನದರಲ್ಲಿದ್ದರು. ಮಗ ಅವರ ತೊಡೆಯ ಮೇಲೆ ಕೂತು ಮೂಗುತಿ ಹಿಡಿದು ಎಳೆದ. ಅವರು ನೋವಾದರೂ ಬಿಡಿಸಿಕೊಳ್ಳದೆ ನಕ್ಕರು. ನಡೀರಿ ಹೋಗೋಣ, ನಾನು ಕರೆಯಲಿಕ್ಕೆ ಬಂದಿದ್ದೇನೆ ಎಂದೆ.

“ನೀ ಕರದ್ರ ನಾ ನಿನ್ನ ಹಿಂದ ಬಂದಂಗಾತು,” ಎಂದರು. “ಅವರು ಬರಲಿ. ಬಾ ಅಂತ ಬಾಯಿ ಬಿಟ್ಟು ಒಂದ ಮಾತ ಅನ್ನಲಿ, ಸಾಕು. ನಾನ ನಡಕೋತ ಬರತೇನಿ.”

ಈಗ ನನ್ನ ಮಗ ಮಾತಾಡುತ್ತಾನೆ. ನನಗೆ ಅವ್ವ ಎನ್ನುತ್ತಾನೆ, ಸಾಲಹಳ್ಳಿಗೆ ಹೋದಾಗ ಅಕ್ಕನಿಗೆ ದೊಡ್ಡವ್ವ ಎನ್ನುತ್ತಾನೆ. ತಿಂಗಳಿಗೊಮ್ಮೆ ಹೋಗುತ್ತೇನೆ. ಹೋಗುವ ಮುಂದೆ ಯಾರಿಗೂ ಹೇಳುವುದಿಲ್ಲ, ಬಂದ ಮೇಲೆ ಯಾರೂ ಕೇಳುವುದಿಲ್ಲ. ಅತ್ತೆ ಮೊನ್ನೆ ಯಾವುದೋ ಅರಮನೆಯ ರಾಣಿ ಸಾಯುವಾಗ ಊಟ ಬಿಟ್ಟು ಅತ್ತರು. ನಾನು ಅವರ ತಾಟು ತೆಗೆದು ತೊಳೆದಿಟ್ಟೆ. ಭಾವನ ಬಗ್ಗೆ ಊರವರು, ಪಾಪ, ಹೆಂಡತಿ ಬಿಟ್ಟು ಹೋದಳು, ದೇವರಂಥ ಮನುಷ್ಯ ಎಂದು ಮರುಗುತ್ತಾರೆ. ಮೊದಲ ಪಂಕ್ತಿಯ ಊಟ ಅವರ ಪಾಲಿಗೆ ಒಂದು ದಿನವೂ ತಪ್ಪಿಲ್ಲ.

ಹೋದ ವಾರ ನಾನು ಸಾಲಹಳ್ಳಿಯಿಂದ ಬಂದು ಮಕ್ಕಳ ಕಾಲು ತೊಳೆಯುತ್ತಿದ್ದಾಗ ನನ್ನ ಗಂಡ ಹತ್ತಿರ ಬಂದು ನಿಂತರು. ಅತ್ತಿತ್ತ ನೋಡಿ ದನಿ ತಗ್ಗಿಸಿ, ಅಣ್ಣ ಕೇಳಲಿಕ್ಕೆ ಹೇಳಿದ್ದಾನೆ, ಅತ್ತಿಗೆ ಹೇಗಿದ್ದಾಳೆ ಎಂದರು. ನಾನು ತಂಬಿಗೆ ಕೆಳಗಿಟ್ಟೆ. ಬಾಗಿಲ ಆಚೆ ಪಡಸಾಲೆಯಲ್ಲಿ ಭಾವ ಕೂತು ಕಿವಿಗೊಟ್ಟಿದ್ದು ನನಗೆ ಕಾಣುತ್ತಿತ್ತು. ಅವರಿಗೂ ಕೇಳಲಿ ಎಂದು ದನಿ ಏರಿಸಿಯೇ ಹೇಳಿದೆ.

“ಸಾಲಹಳ್ಳಿಗೆ ಬಸ್ಸು ದಿನಾ ಹೊಕ್ಕಾವ ಅಂತ ಹೇಳ್ರಿ ನಿಮ್ಮ ಅಣ್ಣಗ.”